ಕನೆವಿನ್: ಊರನ್ನೇ ಪಾಠವಾಗಿಸುವ ಬಗೆ

ವೇಲ್ಸ್‌ನ ಶಾಲೆಗಳಲ್ಲಿ 2022ರ ಸೆಪ್ಟೆಂಬರಿನಿಂದ ಹಂತಹಂತವಾಗಿ ಜಾರಿಗೆ ಬಂದ ಹೊಸ ಪಠ್ಯಕ್ರಮದಲ್ಲಿ ‘ಕನೆವಿನ್’ ಎಂಬ ವೆಲ್ಷ್ ಪದಕ್ಕೆ ಮಹತ್ವದ ಸ್ಥಾನವಿದೆ. ತನ್ನದೆನಿಸುವ ನೆಲ, ಪರಿಚಿತ ಜನ, ಒಗ್ಗಿದ ನೋಟ ಮತ್ತು ಸದ್ದುಗಳು ಸೇರಿದ ನೆಲೆ ಎಂಬುದು ಅದರ ತಾತ್ಪರ್ಯ. ಬೇಲಿಯಿಲ್ಲದಿದ್ದರೂ ಕುರಿಮಂದೆ ಬಿಟ್ಟುಹೋಗದ ಬೆಟ್ಟದ ಮೇವಿನ ನೆಲೆಗೂ ಇದೇ ಹೆಸರು.

ಈ ಪದ್ಧತಿಯಲ್ಲಿ ಸರಕಾರವು ಗುರಿಗಳನ್ನೂ ಚೌಕಟ್ಟನ್ನೂ ಒದಗಿಸುತ್ತದೆ. ಯಾವ ಊರಿನ ಯಾವ ಕಥೆಯ ಮೂಲಕ ಕಲಿಸಬೇಕೆಂಬುದನ್ನು ಬಹುಮಟ್ಟಿಗೆ ಶಿಕ್ಷಕರೇ ನಿರ್ಧರಿಸುತ್ತಾರೆ. ಪ್ರಾಧ್ಯಾಪಕಿ ಷಾರ್ಲೆಟ್ ವಿಲಿಯಮ್ಸ್ ನೇತೃತ್ವದ ಕಾರ್ಯತಂಡವು 2021ರಲ್ಲಿ ವರದಿ ಸಲ್ಲಿಸಿದ ನಂತರ, ಕಪ್ಪು ಜನರ, ಏಷ್ಯನ್ನರ ಹಾಗೂ ಇತರ ಅಲ್ಪಸಂಖ್ಯಾತರ ಚರಿತ್ರೆಯೂ ಕಲಿಕೆಯ ಕಡ್ಡಾಯ ಭಾಗವಾಯಿತು.

ಒಂದು ಪಾಠಘಟಕ ಹೇಗೆ ರೂಪುಗೊಳ್ಳಬಹುದು? ಟ್ರೆಡೀಗರ್ ಪಟ್ಟಣವನ್ನೇ ನೋಡೋಣ. ಅನ್ಯೂರಿನ್ ಬೆವನ್ 1897ರಲ್ಲಿ ಹುಟ್ಟಿದ್ದು ಅಲ್ಲಿಯೇ. ಅಲ್ಲಿನ ಕಾರ್ಮಿಕರು ಕೂಲಿಯಲ್ಲಿ ಒಂದಿಷ್ಟನ್ನು ವೈದ್ಯಕೀಯ ಸಹಾಯ ಸಂಘಕ್ಕೆ ಕೊಟ್ಟು ಕುಟುಂಬದ ಚಿಕಿತ್ಸೆ ಪಡೆಯುತ್ತಿದ್ದರು. 1948ರ ಜುಲೈ 5ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆಗೆ ಬೆವನ್ ಈ ಅನುಭವದಿಂದಲೂ ಪ್ರೇರಣೆ ಪಡೆದರು. ಶಿಕ್ಷಕರು ಇಲ್ಲಿಗೇ ನಿಲ್ಲದೆ, ‘ನಂತರ ಈ ಕಣಿವೆಗಳಲ್ಲಿ ರೋಗಿಗಳನ್ನು ನೋಡಿಕೊಂಡವರಾರು?’ ಎಂದು ಕೇಳಿದರೆ ಕಥೆ ಮುಂದುವರಿಯುತ್ತದೆ. ಗ್ಲಿನ್‌ಕೊರುಗ್ ಗ್ರಾಮದ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ, ಅಗತ್ಯ ಹೆಚ್ಚಿರುವಲ್ಲಿಯೇ ಉತ್ತಮ ವೈದ್ಯಸೇವೆ ವಿರಳವಾಗುವುದೆಂದು ತೋರಿಸಿಕೊಟ್ಟರು. ಗಣಿ ಕಣಿವೆಗಳಲ್ಲಿ ಆ ಕೊರತೆಯನ್ನು ತುಂಬಿದವರಲ್ಲಿ ಭಾರತ ಉಪಖಂಡದಿಂದ ಬಂದ ವೈದ್ಯರು ಅನೇಕರು.

ಇಂತಹ ಘಟಕಕ್ಕೆ ಹಿರಿಯರ ಸಂದರ್ಶನವೇ ಜೀವಾಳ. ರೋಗಿಯ ವೃತ್ತಾಂತ ಕೇಳುವ ಕ್ರಮ ಇಲ್ಲಿಯೂ ಸಲ್ಲುತ್ತದೆಂದು ವೈದ್ಯನಾಗಿ ನಾನು ಬಲ್ಲೆ. ಮೊದಲು ತಡೆಯದೆ ಹೇಳಗೊಡಬೇಕು. ಆಮೇಲೆ ಎಂದು, ಎಲ್ಲಿ, ಯಾರೊಡನೆ ಎಂದು ಕೇಳಬೇಕು. ಕೊನೆಗೆ ದಾಖಲೆಯೊಡನೆ ತಾಳೆ ನೋಡಬೇಕು. ನೆನಪೂ ದಾಖಲೆಯೂ ಹೊಂದದಿದ್ದರೆ ಎರಡನ್ನೂ ಬರೆದಿಟ್ಟು, ಕಾರಣ ಹುಡುಕುವ ಕೆಲಸವನ್ನು ಮಕ್ಕಳಿಗೇ ಬಿಡಬೇಕು.

ನಮ್ಮ ಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ. ಸಂಸ್ಕೃತಿ ದಿನದಂದು ರೇಷ್ಮೆ ಲಂಗ ತೊಟ್ಟು, ಮೈಸೂರು ಪಾಕು ಹಂಚುವ ಮಗು ತರಗತಿಯಲ್ಲಿ ಅತಿಥಿಯಾಗಿಯೇ ಉಳಿಯುತ್ತದೆ. ತನ್ನ ಅಜ್ಜ ಯಾವ ಬೀದಿಯ ಚಿಕಿತ್ಸಾಲಯದಲ್ಲಿ ದುಡಿದರೆಂದು ಹೇಳುವ ಮಗು ಆ ಊರಿನ ಚರಿತ್ರೆಗೆ ಹಕ್ಕುದಾರನಾಗುತ್ತದೆ. ಆದರೆ ಒಂದೇ ಮಗುವನ್ನು ಇಡೀ ಭಾರತದ ಪ್ರತಿನಿಧಿಯಾಗಿ ನಿಲ್ಲಿಸುವುದು ಸಲ್ಲದು. ಇಟಲಿ, ಐರ್ಲೆಂಡ್, ಸೊಮಾಲಿಯಾಗಳಿಂದ ವೇಲ್ಸ್‌ಗೆ ಬಂದವರ ಕಥೆಗಳೂ ಜೊತೆಗಿರಬೇಕು.

ಪೋಷಕರು ಹಳೆಯ ಪತ್ರ, ನೇಮಕಾತಿ ಆದೇಶ, ಹಿಂಬದಿಯಲ್ಲಿ ತಾರೀಖು ಬರೆದ ಛಾಯಾಚಿತ್ರಗಳನ್ನು ಶಿಕ್ಷಕರಿಗೆ ತೋರಿಸಬಹುದು. ಅಜ್ಜಿಯ ಮಾತನ್ನು ಕನ್ನಡದಲ್ಲಿಯೇ ಧ್ವನಿಮುದ್ರಿಸಿ, ಮಗುವಿನಿಂದಲೇ ಅನುವಾದ ಮಾಡಿಸಬಹುದು. ಆ ಹಿರಿಯರು ನಮ್ಮೊಡನಿರುವಾಗಲೇ ಇದು ನಡೆಯಬೇಕು.