ವೈಪರ್ ಕಿತ್ತಿಡುವ ಮುನ್ನ

ಮೃಗಶಿರ ಮಳೆ ಕಾಲಿಡುತ್ತಿದ್ದಂತೆ ಕೊಲ್ಹಾಪುರ, ಇಚಲಕರಂಜಿಯ ಕಾರ್ ಸಾಮಾನಿನ ಅಂಗಡಿಗಳಲ್ಲಿ ಒಂದು ಸಣ್ಣ ಬಾಟಲಿ ಮುಂದಿನ ಸಾಲಿಗೆ ಬರುತ್ತದೆ. ಗಾಜಿಗೆ ಹಚ್ಚಿದರೆ ಸಾಕು, ನೀರು ನಿಲ್ಲುವುದಿಲ್ಲ, ವೈಪರಿಗೆ ಕೆಲಸವೇ ಇರುವುದಿಲ್ಲ ಎಂಬ ಮಾತೂ ಅದರ ಜೊತೆಗೆ ಬರುತ್ತದೆ. ಕೊಂಡವರಲ್ಲಿ ಎರಡು ಪಂಗಡ. ಪುಣೆ ಹೆದ್ದಾರಿ ಹಿಡಿದು ಹೋಗಿಬಂದವರು ‘ಭಾರಿ ಐತಿ’ ಎನ್ನುತ್ತಾರೆ. ಗಗನಬಾವಡಾ ಘಾಟಿ ಇಳಿದು ಬಂದವರು ‘ರೊಕ್ಕ ದಂಡ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಮಳೆಯಲ್ಲಿ ದಾರಿ ಕಾಣದಿರಲು ನೀರು ಕಾರಣ ಎಂದುಕೊಳ್ಳುವುದರಿಂದಲೇ ಗೊಂದಲ ಶುರುವಾಗುತ್ತದೆ. ನೀರು ಪಾರದರ್ಶಕ ವಸ್ತು. ಗಾಜಿನ ಮೇಲೆ ತೆಳುವಾಗಿ, ಸಮನಾಗಿ ಹರಡಿ ನಿಂತರೆ ಅದರ ಆಚೆಗಿನ ರಸ್ತೆ ಚೆನ್ನಾಗಿಯೇ ಕಾಣುತ್ತದೆ. ಅಡ್ಡ ಬರುವುದು ಹನಿ. ಉಬ್ಬಿದ ಒಂದೊಂದು ಹನಿಯೂ ಒಂದೊಂದು ಮಸೂರವಾಗಿ ಬೆಳಕನ್ನು ತನಗೆ ಬೇಕಾದತ್ತ ಬಾಗಿಸುತ್ತದೆ. ರಾತ್ರಿ ಎದುರಿಗೆ ಬಂದ ಒಂದು ಲಾರಿಯ ಎರಡು ದೀಪ ಇನ್ನೂರು ಕಿಡಿಗಳಾಗಿ ಕಾಣುವುದು ಹೀಗೆ. ಇದಕ್ಕೆ ಪರಿಹಾರ ಎರಡೇ: ಹನಿ ಗಾಜಿನ ಮೇಲೆ ನಿಲ್ಲದೆ ಓಡಿಹೋಗಬೇಕು, ಇಲ್ಲವೇ ಹನಿಯ ರೂಪ ಕಳೆದುಕೊಂಡು ಹಾಳೆಯಂತೆ ಹರಡಿಕೊಳ್ಳಬೇಕು. ಎರಡೂ ಆಗದೆ ನಡುವೆ ಸಿಕ್ಕಿಕೊಂಡರೆ ತೊಂದರೆ. ಡೀಸೆಲ್ ಹೊಗೆಯ ಜಿಡ್ಡು ಕೂತ ಗಾಜು ಇರುವುದು ಈ ನಡುವಿನ ಸ್ಥಿತಿಯಲ್ಲೇ.

ಬಾಟಲಿಯ ಔಷಧ ಮೊದಲನೆಯ ದಾರಿಯದು. ಶುದ್ಧ ಗಾಜಿನ ಮೈ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಅಲ್ಲಿ ಹನಿ ಗಾಜಿಗೆ ತಾಗುವ ಅಂಚಿನ ಕೋನ 30 ಡಿಗ್ರಿಗಿಂತ ಕಡಿಮೆ. ಸಿಲಿಕೋನ್ ಅಥವಾ ಫ್ಲೋರಿನ್ ಜಾತಿಯ ಲೇಪ ಹಚ್ಚಿದರೆ ಆ ಕೋನ 100ರಿಂದ 110 ಡಿಗ್ರಿಯವರೆಗೆ ಏರುತ್ತದೆ, ಹನಿ ಗುಂಡಗಾಗುತ್ತದೆ. ಜಾಹೀರಾತುಗಳು ಇಲ್ಲಿಗೆ ತಾವರೆ ಎಲೆಯನ್ನು ಎಳೆದು ತರುತ್ತವೆ. ನಮ್ಮ ಹಿತ್ತಲಿನ ಕೆಸುವಿನ ಎಲೆಯನ್ನು ನೋಡಿದರೂ ಸಾಕು, ಅದರ ಮೇಲೆ ನೀರು ಪಾದರಸದಂತೆ ಉರುಳುತ್ತದೆ. ಆದರೆ ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಮೇಣದ ಉಬ್ಬುತಗ್ಗುಗಳಿವೆ, ಅದಕ್ಕೇ ಅಲ್ಲಿ ಕೋನ 150 ದಾಟುತ್ತದೆ. ನುಣುಪು ಮೈಯ ಮೇಲೆ ಯಾವ ರಾಸಾಯನಿಕ ಹಚ್ಚಿದರೂ 120ರ ಆಸುಪಾಸಿನಲ್ಲೇ ನಿಲ್ಲಬೇಕು. ಗಾಜಿಗೂ ಅಂಥ ಉಬ್ಬುತಗ್ಗು ಕೊಟ್ಟರೆ ವೈಪರಿನ ಉಜ್ಜಾಟಕ್ಕೆ ಅವು ಬಾಳುವುದಿಲ್ಲ.

ಹಾಗಾಗಿ ಲೇಪ ಹಚ್ಚಿದ ಗಾಜಿನ ಮೇಲೂ ಹನಿ ತಾನಾಗಿ ಜಾರಿ ಹೋಗುವುದಿಲ್ಲ, ಯಾರಾದರೂ ನೂಕಬೇಕು. ನೂಕುವುದು ಗಾಳಿ. ಗಾಳಿಯ ಒತ್ತು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಗಂಟೆಗೆ 30 ಕಿಲೋಮೀಟರಿನಲ್ಲಿ ಇದ್ದದ್ದು 60ರಲ್ಲಿ ನಾಲ್ಕು ಪಟ್ಟು, 90ರಲ್ಲಿ ಒಂಬತ್ತು ಪಟ್ಟು. ಕಾಗಲ್ ದಾಟಿ ಹೆದ್ದಾರಿ 48ರಲ್ಲಿ ಕಾರು ಎಂಬತ್ತು ಮುಟ್ಟಿದಾಗ ಹನಿಗಳು ಗಾಜಿನ ಮೇಲ್ಗಡೆಗೆ ಸಾಲುಗಟ್ಟಿ ಓಡುತ್ತವೆ, ನೋಡಲು ಚಂದ. ಅದೇ ಕಾರು ಗಡಹಿಂಗ್ಲಜದಿಂದ ಆಜರಾ ಮೇಲೆ ಆಂಬೋಲಿ ಘಾಟಿಗೆ ಹೊರಟರೆ ಲೆಕ್ಕ ತಿರುಗುತ್ತದೆ. ಮಳೆ ಹೆಚ್ಚುತ್ತಾ ಹೋಗುತ್ತದೆ, ತಿರುವುಗಳಿಂದಾಗಿ ವೇಗ ಇಳಿಯುತ್ತಾ ಹೋಗುತ್ತದೆ. ಹಿರಣ್ಯಕೇಶಿ ಹುಟ್ಟುವ ಆ ಸೀಮೆಯ ಮಂಜಿನಂಥ ತುಂತುರಿನ ಹನಿಗಳು ತೀರಾ ಸಣ್ಣವು. ಅಷ್ಟು ಸಣ್ಣ ಹನಿಯನ್ನು ಇಪ್ಪತ್ತೈದು–ಮೂವತ್ತರ ವೇಗದ ಗಾಳಿ ಅಲ್ಲಾಡಿಸಲಾರದು. ಲೇಪವಿಲ್ಲದ ಗಾಜಿನಲ್ಲಿ ಸ್ವಲ್ಪವಾದರೂ ಹರಡಿಕೊಳ್ಳುತ್ತಿದ್ದ ಆ ನೀರು ಇಲ್ಲಿ ಗುಂಡುಗುಂಡಾಗಿ ಕೂತುಬಿಡುತ್ತದೆ. ಅಲ್ಲಿ ವೈಪರ್ ನಿಲ್ಲಿಸಿದರೆ ಕಣ್ಣು ಕಟ್ಟಿಕೊಂಡು ಓಡಿಸಿದಂತೆಯೇ.

ಗಾಜಿನ ಇಳಿಜಾರಿನದೂ ಒಂದು ಪಾಲಿದೆ. ಮಲಗಿದಂತಿರುವ ಕಾರಿನ ಗಾಜಿನ ಮೇಲೆ ಗಾಳಿ ಸವರಿಕೊಂಡು ಹೋಗುತ್ತದೆ. ಕೆಂಪು ಎಸ್‌ಟಿ ಬಸ್ಸಿನ ನೆಟ್ಟಗಿನ ಗಾಜಿಗೆ ಅದು ಎದೆಗೆ ಎದೆ ಕೊಟ್ಟು ಬಡಿಯುತ್ತದೆ, ನಡುಮಧ್ಯದಲ್ಲಿ ಬಹುಮಟ್ಟಿಗೆ ನಿಂತೇ ಬಿಡುತ್ತದೆ. ಕಾರಿಗೆ ಒಗ್ಗಿದ್ದು ಬಸ್ಸಿಗೂ ಒಗ್ಗುತ್ತದೆ ಎನ್ನುವ ಭರವಸೆ ಬೇಡ.

ಹಾಗಾದರೆ ಇದೆಲ್ಲ ಬರೀ ವ್ಯಾಪಾರವೇ ಎಂದರೆ, ಅದೂ ತಪ್ಪು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಾರಿಗೆ ಸಂಶೋಧನಾ ಸಂಸ್ಥೆ 1997ರಲ್ಲಿ ಇದನ್ನು ಪರೀಕ್ಷಿಸಿ ನೋಡಿದಾಗ, ಲೇಪವಿದ್ದ ಗಾಜಿನ ಹಿಂದೆ ಕೂತ ಚಾಲಕರ ದೃಷ್ಟಿ ಮಳೆಯಲ್ಲಿ ಹೆಚ್ಚು ಸ್ಪಷ್ಟವಾಗಿತ್ತು, ದಾರಿಯ ಮೇಲಿನ ಸಣ್ಣ ಗುರುತುಗಳನ್ನು ಅವರು ಬೇಗ ಗುರುತಿಸುತ್ತಿದ್ದರು. ವೈಪರಿನ ಒಂದು ಬೀಸಿಗೂ ಇನ್ನೊಂದಕ್ಕೂ ನಡುವಿನ ಹೊತ್ತಿನಲ್ಲಿ ಗಾಜು ಹೆಚ್ಚು ತಿಳಿಯಾಗಿರುತ್ತದೆ. ಲೇಪದ ನಿಜವಾದ ಲಾಭ ಇದು. ವೈಪರಿನ ಜೊತೆಗೂಡಿ ಅದು ಚೆನ್ನಾಗಿ ದುಡಿಯುತ್ತದೆ, ಅದರ ಜಾಗಕ್ಕೆ ಬರಲಾರದು. ಕಾನೂನಿನ ಮಾತೂ ಅದೇ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 101ನೇ ನಿಯಮದಂತೆ ಮುಂಗಾಜಿರುವ ವಾಹನಕ್ಕೆ ಸರಿಯಾಗಿ ಕೆಲಸ ಮಾಡುವ ಯಾಂತ್ರಿಕ ವೈಪರ್ ಇರಲೇಬೇಕು. ಬಾಟಲಿ ತೋರಿಸಿ ಪಾರಾಗುವಂತಿಲ್ಲ.

ಇನ್ನು ತಂಬಾಕು. ವೈಪರ್ ಕೈಕೊಟ್ಟಾಗ ಗಾಜಿಗೆ ಹಸಿ ತಂಬಾಕು ಉಜ್ಜುವುದು ಲಾರಿ ಡ್ರೈವರುಗಳ ಹಳೆಯ ಉಪಾಯ. ಕೆಲವರು ಬಟಾಟೆಯನ್ನು ಅರ್ಧಕ್ಕೆ ಕೊಯ್ದು ತಿಕ್ಕುತ್ತಾರೆ. ತಂಬಾಕಿಗೆ ಈ ಸೀಮೆಯಲ್ಲಿ ಬರವೇನಿಲ್ಲ. ಪಕ್ಕದ ನಿಪ್ಪಾಣಿ ಅದರ ಪೇಟೆ. ‘ತಂಬಾಕು ನೀರನ್ನು ಓಡಿಸುತ್ತದೆ, ಬಾಟಲಿಯೂ ಅದನ್ನೇ ಮಾಡುತ್ತದೆ, ಹತ್ತು ರೂಪಾಯಿಯಲ್ಲಿ ಆಗುವುದಕ್ಕೆ ಐನೂರು ಯಾಕೆ’ ಎಂಬ ವಾದ ಗ್ಯಾರೇಜುಗಳಲ್ಲಿ ಕೇಳುತ್ತದೆ. ವಾದದ ಬುಡದಲ್ಲೇ ತಪ್ಪಿದೆ. ತಂಬಾಕಿನ ರಸವಾಗಲಿ ಬಟಾಟೆಯ ಪಿಷ್ಟವಾಗಲಿ ನೀರನ್ನು ಓಡಿಸುವುದಿಲ್ಲ, ಹರಡಿಸುತ್ತವೆ. ಹನಿ ಒಡೆದು ಹಾಳೆಯಾಗುತ್ತದೆ, ಅದರ ಆಚೆ ದಾರಿ ಕಾಣುತ್ತದೆ. ಇದು ಎರಡನೆಯ ದಾರಿ, ಬಾಟಲಿಯದಕ್ಕೆ ಪೂರ್ತಿ ಉಲ್ಟಾ. ಕೆಲಸ ಮಾಡುವುದು ನಿಜ, ಅದೂ ನಿಧಾನವಾಗಿ ಹೋಗುವ ನೆಟ್ಟ ಗಾಜಿನ ಲಾರಿಗೆ. ಲೇಪ ಸೋಲುವ ಜಾಗದಲ್ಲೇ ಇದು ಒಂದಿಷ್ಟು ಹೊತ್ತು ಗೆಲ್ಲುತ್ತದೆ. ಜಡಿಮಳೆ ಹಿಡಿದರೆ ಬೇಗನೆ ತೊಳೆದುಹೋಗುತ್ತದೆ, ಒಣಗಿದರೆ ಕಂದು ಬರೆ ಬಿಡುತ್ತದೆ. ಎರಡನ್ನೂ ಒಂದರ ಮೇಲೊಂದು ಹಚ್ಚಿ ಇಮ್ಮಡಿ ಲಾಭ ಪಡೆಯಲು ಹೊರಡುವವರಿಗೆ ಸಿಗುವುದು ಮತ್ತದೇ ನಡುವಿನ ಸ್ಥಿತಿ, ಅಂದರೆ ಮಬ್ಬು.

ಎಷ್ಟು ದಿನ ಬಾಳುತ್ತದೆ ಎಂಬುದಕ್ಕೆ ಬಾಟಲಿಯ ಮೇಲಿನ ಅಂಕಿಗಿಂತ ಗಾಜೇ ಒಳ್ಳೆಯ ಸಾಕ್ಷಿ. ಹಚ್ಚಿ ತಿಂಗಳೆರಡು ತಿಂಗಳಾದ ಮೇಲೆ ಒಂದು ತಂಬಿಗೆ ನೀರು ಸುರಿದು ನೋಡಿ. ವೈಪರ್ ಮುಟ್ಟದ ಮೂಲೆಗಳಲ್ಲಿ ಹನಿ ಇನ್ನೂ ಗುಂಡಗಿರುತ್ತದೆ, ವೈಪರ್ ಓಡಾಡುವ ಕಮಾನಿನೊಳಗೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ಕಣ್ಣಿನ ಎದುರಿನ ಜಾಗವೇ ಮೊದಲು ಸವೆಯುವುದು. ಸಾಮಾನ್ಯ ಸಿಲಿಕೋನಿನ ಲೇಪ ವಾರಗಳ ಮಾತು, ಗಾಜಿನ ಮೈಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ಫ್ಲೋರಿನ್ ಲೇಪ ಕೆಲವು ತಿಂಗಳ ಮಾತು. ಅದೂ ದಾರಿಯ ಮೇಲೆ ನಿಂತಿದೆ. ಕಬ್ಬಿನ ಟ್ರ್ಯಾಕ್ಟರು ಉದುರಿಸಿದ ಕರಿಮಣ್ಣು, ಸಕ್ಕರೆ ಕಾರ್ಖಾನೆಯ ಚಿಮಣಿಯ ಮಸಿ, ಇಚಲಕರಂಜಿಯ ಮಗ್ಗದ ಓಣಿಗಳ ಹತ್ತಿಯ ಧೂಳು ಕೂತ ಗಾಜಿನ ಮೇಲೆ ಒಣ ವೈಪರ್ ಒಂದು ಸಲ ಎಳೆದರೂ ಉಪ್ಪುಕಾಗದ ಎಳೆದ ಹಾಗೆಯೇ.

ಸೆರಾಮಿಕ್ ಲೇಪದ ‘9ಎಚ್ ಗಟ್ಟಿತನ’ದ ಮಾತು ಇನ್ನೊಂದು ಮೋಡಿ. ಅದು ವಜ್ರ, ಮಾಣಿಕ್ಯ ಅಳೆಯುವ ಮಾಪನವಲ್ಲ, ಪೆನ್ಸಿಲ್ ಮೊನೆಯ ಗಟ್ಟಿತನದ ಮಾಪನ. 9ಎಚ್ ಪೆನ್ಸಿಲಿನಿಂದ ಗೀಚಿದರೆ ಗೆರೆ ಬೀಳದು ಎಂದಷ್ಟೇ ಅರ್ಥ. ಲೇಪವಿಲ್ಲದ ಗಾಜಿನ ಮೇಲೂ ಬೀಳದು. ಮುಂದಿನ ಲಾರಿಯ ಗಾಲಿಯಿಂದ ಹಾರಿಬರುವ ಕಲ್ಲಿಗೆ, ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳ್ಳಗಿನ ಈ ಪೊರೆ ಲೆಕ್ಕಕ್ಕೇ ಇಲ್ಲ.

ವೈಪರ್ ಕಿರುಗುಟ್ಟಿ ಕುಪ್ಪಳಿಸಲು ಶುರುವಾದರೆ ಲೇಪ ಕೆಟ್ಟದ್ದು ಎಂದು ಬೈಯುವವರಿದ್ದಾರೆ. ಅರ್ಧ ನಿಜ. ಗಾಜಿನ ಹಳೆಯ ಜಿಡ್ಡು, ಬೋರ್‌ವೆಲ್ ನೀರಿನ ಬಿಳಿ ಕಲೆ ತೆಗೆಯದೆ ಅದರ ಮೇಲೆಯೇ ಹಚ್ಚಿದರೆ, ಇಲ್ಲವೇ ಹಚ್ಚಿದ್ದು ಮಬ್ಬಾಗಿ ಒಣಗಿದ ಮೇಲೆ ಒರೆಸಿ ತೆಗೆಯದಿದ್ದರೆ, ರಬ್ಬರ್ ಒಂದೆಡೆ ಜಾರಿ ಒಂದೆಡೆ ಹಿಡಿಯುತ್ತದೆ. ಬಿಸಿಲಲ್ಲಿ ನಿಂತು ಅವಸರದಲ್ಲಿ ಬಳಿದವರಿಗೆ ಈ ಗತಿ ಹೆಚ್ಚು. ಬೇಸಿಗೆಯಲ್ಲಿ ಸುಟ್ಟು ಗಡುಸಾದ ರಬ್ಬರನ್ನು ಮೊದಲು ಬದಲಿಸಿ, ಲೇಪದ ವಿಚಾರ ಆಮೇಲೆ. ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ರಬ್ಬರಿಗೇ ಹಾಕಿ ಎಂಬುದು ನನ್ನ ಮತ.

ಒಳಗಿನಿಂದ ಗಾಜು ಮಂಜುಗಟ್ಟುವುದಕ್ಕೂ ಇದೇ ಬಾಟಲಿ ಬಳಿಯುವುದು ನೇರ ತಪ್ಪು. ಅದು ಮಳೆಯ ನೀರಲ್ಲ, ನಮ್ಮದೇ ಉಸಿರಿನ ತೇವ ತಣ್ಣನೆಯ ಗಾಜಿನ ಮೇಲೆ ಸಣ್ಣ ಹನಿಗಳಾಗಿ ಕೂತದ್ದು. ಅಲ್ಲಿ ನೀರನ್ನು ಹರಡಿಸುವ ಮದ್ದು ಬೇಕು. ಎಸಿ ಹಾಕಿ ಹೊರಗಾಳಿ ಒಳಬಿಟ್ಟರೆ ಮದ್ದೂ ಬೇಕಿಲ್ಲ. ಇನ್ನು ಘಾಟಿಯಲ್ಲಿ ಎಸಿ ವಿಪರೀತ ತಣ್ಣಗಿದ್ದರೆ ಹೊರಮೈಗೇ ಮಂಜು ಕಟ್ಟುವುದುಂಟು. ಅದಕ್ಕೆ ವೈಪರಿನ ಒಂದು ಬೀಸು ಸಾಕು, ತಣ್ಣನೆಯ ಗಾಳಿಯನ್ನು ಗಾಜಿಗೆ ಊದುವುದನ್ನು ನಿಲ್ಲಿಸಬೇಕು ಅಷ್ಟೇ.

ಉಳಿದದ್ದು ಪಕ್ಕದ ಕನ್ನಡಿ. ಅಲ್ಲಿ ವೈಪರಿನ ಉಜ್ಜಾಟವಿಲ್ಲ, ಲೇಪ ಹೆಚ್ಚು ಕಾಲ ಬಾಳುತ್ತದೆ, ಆದ್ದರಿಂದ ಅಲ್ಲೇ ಹೆಚ್ಚು ಉಪಯೋಗ ಎಂದು ಅಂಗಡಿಯವರು ಹೇಳುತ್ತಾರೆ. ಮೊದಲೆರಡು ಮಾತು ಸರಿ. ಆದರೆ ಕನ್ನಡಿಯ ಗಾಜು ತನ್ನದೇ ಗೂಡಿನ ಮರೆಯಲ್ಲಿ, ಹಿಂದಕ್ಕೆ ಮುಖಮಾಡಿ ಕೂತಿರುತ್ತದೆ. ಎದುರುಗಾಳಿ ಅದಕ್ಕೆ ನೇರವಾಗಿ ತಟ್ಟುವುದೇ ಇಲ್ಲ, ಹೆದ್ದಾರಿಯಲ್ಲೂ ಸಣ್ಣ ಹನಿಗಳು ಕೂತಲ್ಲೇ ಕೂತಿರುತ್ತವೆ. ಕನ್ನಡಿಗೆ ಒಗ್ಗುವುದು ನೀರನ್ನು ಹಾಳೆಯಾಗಿ ಹರಡಿಸುವ ಫಿಲ್ಮ್ ಅಥವಾ ದ್ರವ. ಅದೇ ಅಂಗಡಿಯಲ್ಲಿ ಸಿಗುತ್ತದೆ, ಕೇಳಿ ಪಡೆಯಬೇಕು.