ಕಿಡ್ (ಪದ)

ಕಿಡ್ ಎಂಬುದು ಇಂಗ್ಲಿಷ್ ಭಾಷೆಯ ಒಂದು ನಾಮಪದ. ಇದರ ಮೂಲಾರ್ಥ ಆಡಿನ ಮರಿ. ಇಂದಿನ ಆಡುಮಾತಿನಲ್ಲಿ ಇದು ಮಗು, ಹುಡುಗ ಅಥವಾ ಹುಡುಗಿ ಎಂಬ ಅರ್ಥದಲ್ಲಿ ಹೆಚ್ಚಾಗಿ ಬಳಕೆಯಾಗುತ್ತದೆ. ಬಹುವಚನ ರೂಪ ಕಿಡ್ಸ್. ಈ ಪದವು ಕ್ರಿಯಾಪದವಾಗಿಯೂ ಬಳಕೆಯಲ್ಲಿದ್ದು, ಆಗ ತಮಾಷೆ ಮಾಡು, ಛೇಡಿಸು ಎಂಬ ಅರ್ಥವನ್ನು ನೀಡುತ್ತದೆ.

ವ್ಯುತ್ಪತ್ತಿ

ಕಿಡ್ ಪದವು ಸ್ಕ್ಯಾಂಡಿನೇವಿಯಾದ ಪ್ರಾಚೀನ ನಾರ್ಸ್ ಭಾಷೆಯಿಂದ ಮಧ್ಯಕಾಲೀನ ಇಂಗ್ಲಿಷಿಗೆ ಬಂದಿತೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಜರ್ಮನ್ ಭಾಷೆಯ ಕಿಟ್ಸ್ ಎಂಬ ಪದ ಇದರ ಜ್ಞಾತಿಪದ. ಅದಕ್ಕೂ ಆಡಿನ ಅಥವಾ ಜಿಂಕೆಯ ಮರಿ ಎಂದೇ ಅರ್ಥ. 16ನೇ ಶತಮಾನದ ಕೊನೆಯ ಭಾಗದಲ್ಲಿ ಮನುಷ್ಯರ ಮಕ್ಕಳನ್ನು ಹೀಗೆ ಕರೆಯುವ ರೂಢಿ ಮೊದಲು ಕಾಣಿಸಿಕೊಂಡಿತು. ಆಗ ಇದನ್ನು ಕೀಳು ಆಡುನುಡಿಯೆಂದು ಪರಿಗಣಿಸಲಾಗುತ್ತಿತ್ತು. 19ನೇ ಶತಮಾನದ ನಡುಭಾಗದ ಹೊತ್ತಿಗೆ ಮನೆಮಾತಿನಲ್ಲಿ ಸಾಮಾನ್ಯವಾಯಿತು. ಕನ್ನಡದ ಕಿಡಿ, ಕಿಡಿಗೇಡಿ ಎಂಬ ಪದಗಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ಧ್ವನಿಸಾಮ್ಯ ಆಕಸ್ಮಿಕ.

ಸಂಬಂಧಿತ ಪದಗಳು

• ಕಿಡ್ ಗ್ಲೋವ್ಸ್: ಆಡಿನ ಮರಿಯ ಮೃದುವಾದ ಚರ್ಮದಿಂದ ಮಾಡಿದ ಕೈಗವಸು. ಇದರಿಂದಲೇ ‘ನಾಜೂಕಾಗಿ ನಡೆಸಿಕೊಳ್ಳುವುದು’ ಎಂಬ ಅರ್ಥದ ನುಡಿಗಟ್ಟು ಹುಟ್ಟಿತು.

• ಕಿಡಿಂಗ್: ತಮಾಷೆ ಮಾಡುವುದು. ಪಶುಪಾಲನೆಯಲ್ಲಿ ಇದೇ ಪದಕ್ಕೆ ಆಡು ಮರಿ ಹಾಕುವುದು ಎಂಬ ಅರ್ಥವಿದೆ.

• ಕಿಡ್‌ನ್ಯಾಪ್: ಇಲ್ಲಿ ನ್ಯಾಪ್ ಎಂದರೆ ಕಸಿದುಕೊಳ್ಳು. ಅಮೆರಿಕದ ವಸಾಹತುಗಳಲ್ಲಿ ದುಡಿಸಿಕೊಳ್ಳಲು ಮಕ್ಕಳನ್ನೂ ಇತರರನ್ನೂ ಕದ್ದೊಯ್ಯುತ್ತಿದ್ದ 17ನೇ ಶತಮಾನದ ಕ್ರೌರ್ಯದಿಂದ ಈ ಪದ ಹುಟ್ಟಿತು. ಈಗ ಇದು ವಯಸ್ಕರ ಅಪಹರಣಕ್ಕೂ ಅನ್ವಯಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಮು ಈ ಅಪರಾಧವನ್ನು ವಿವರಿಸುತ್ತದೆ.

ಕನ್ನಡದ ‘ಮರಿ’ಯೊಂದಿಗೆ ಹೋಲಿಕೆ

ಪ್ರಾಣಿಯ ಮರಿಯ ಹೆಸರಿನಿಂದ ಮಗುವನ್ನು ಕರೆಯುವುದು ಇಂಗ್ಲಿಷಿಗೆ ಮಾತ್ರ ಸೀಮಿತವಲ್ಲ. ಹಳಗನ್ನಡದಲ್ಲಿ ಶಕಟರೇಫದಿಂದ ‘ಮಱಿ’ ಎಂದು ಬರೆಯುತ್ತಿದ್ದ ಮರಿ ಎಂಬ ದ್ರಾವಿಡ ಪದವು ಆಡು, ಕುರಿ, ನಾಯಿ, ಆನೆ, ಹಕ್ಕಿ ಮುಂತಾದವುಗಳ ಸಂತಾನವನ್ನು ಸೂಚಿಸುತ್ತದೆ. ಹಸು ಮತ್ತು ಎಮ್ಮೆಗಳಿಗೆ ಮಾತ್ರ ‘ಕರು’ ಎಂಬ ಬೇರೆ ಪದವಿದೆ. ‘ಬಾ ಮರಿ’ ಎಂದು ಮಗುವನ್ನು ಮುದ್ದಿನಿಂದ ಕರೆಯುವುದು ಇಂದಿಗೂ ರೂಢಿಯಲ್ಲಿದೆ. ಮೊಮ್ಮಗನ ಮಗ ‘ಮರಿಮಗ’; ಕಿರಿಯ ಸ್ವಾಮಿಗಳನ್ನು ‘ಮರಿ’ ಎನ್ನುವುದುಂಟು; ಮರಿಯಪ್ಪ, ಮರಿಗೌಡ, ಮರಿಸ್ವಾಮಿ ಎಂಬ ಹೆಸರುಗಳೂ ಇವೆ. ಆದರೆ ‘ಮರಿ ಪುಡಾರಿ’ ಎಂಬಲ್ಲಿ ಅದೇ ಪದ ವ್ಯಂಗ್ಯವಾಗುತ್ತದೆ. ಕಿಡ್ ಪದದಲ್ಲೂ ಹೀಗೆ ವಾತ್ಸಲ್ಯ ಮತ್ತು ಹಗುರಭಾವ ಎರಡೂ ಇವೆ.

ಬೆಂಗಳೂರಿನಲ್ಲಿ ಬಳಕೆ

ಉತ್ತರ ಬೆಂಗಳೂರಿನಲ್ಲಿ ಪದದ ಎರಡೂ ಅರ್ಥಗಳು ಅಕ್ಕಪಕ್ಕದಲ್ಲೇ ಜೀವಂತವಾಗಿವೆ. 1958ರಲ್ಲಿ ಸ್ಥಾಪನೆಯಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗೆ ಕಿಡ್ ಎಂದರೆ ಸುಮಾರು 150 ದಿನಗಳ ಗರ್ಭಾವಧಿಯ ನಂತರ ಹುಟ್ಟುವ ಆಡಿನ ಮರಿ. ಯಲಹಂಕ, ಆರ್.ಟಿ. ನಗರ, ಯಶವಂತಪುರಗಳ ಬಟ್ಟೆ ಅಂಗಡಿ ಹಾಗೂ ಶಿಶುವಿಹಾರಗಳಿಗೆ ಹೋಗುವವರಿಗೆ ಅದರ ಅರ್ಥ ಪುಟ್ಟ ಮಗು. ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂಬ ನಿಯಮವು 2024ರಲ್ಲಿ ರಾಜ್ಯದಲ್ಲಿ ಕಾನೂನಿನ ರೂಪ ಪಡೆಯಿತು. ಆದರೆ ‘ಕಿಡ್ಸ್ ವೇರ್’ ಎಂದು ಕನ್ನಡ ಲಿಪಿಯಲ್ಲಿ ಬರೆದಾಗ ಬದಲಾಗುವುದು ಅಕ್ಷರ ಮಾತ್ರ, ಪದವಲ್ಲ. ‘ಮಕ್ಕಳ ಉಡುಪು’ ಎಂಬುದು ಅದಕ್ಕೆ ಸರಳವಾದ ಕನ್ನಡ.

ಬಳಕೆಯ ಔಚಿತ್ಯ

ಗೆಳೆಯರ ನಡುವಿನ ಮಾತಿನಲ್ಲಿ ಕಿಡ್ ಸಹಜವೆನಿಸುತ್ತದೆ. ಪ್ರಬಂಧ, ಅರ್ಜಿ ಹಾಗೂ ಕಾನೂನು ಬರಹಗಳಲ್ಲಿ ಇಂಗ್ಲಿಷಿನಲ್ಲಾದರೆ ಚೈಲ್ಡ್, ಕನ್ನಡದಲ್ಲಾದರೆ ಮಗು ಅಥವಾ ಬಾಲಕ, ಬಾಲಕಿ ಎಂಬ ಪದಗಳು ಸೂಕ್ತ. ಹದಿಹರೆಯದವರನ್ನು ಹೀಗೆ ಕರೆದರೆ ಅವರನ್ನು ಚಿಕ್ಕವರೆಂದು ಕಡೆಗಣಿಸಿದಂತೆಯೂ ತೋರಬಹುದು; ಆದುದರಿಂದ ಸಂದರ್ಭವನ್ನರಿತು ಬಳಸುವುದು ಒಳ್ಳೆಯದು.