ಡ್ರಮ್ ಅಂಗಡಿಯಲ್ಲಿ ಹುಟ್ಟಿದ ಗಿಟಾರ್ ಆಂಪ್ಲಿಫೈಯರ್: 60 ವರ್ಷ ದಾಟಿದ್ರೂ ಬೇಡಿಕೆ ಯಾಕೆ ಇಳಿದಿಲ್ಲ?

ವಾಲ್ವ್ ರೇಡಿಯೋ ಕಂಡ ಹಿರಿಯರಿಗೆ ಇದು ಗೊತ್ತೇ ಇರುತ್ತದೆ. ಸ್ವಿಚ್ ಹಾಕಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ಒಳಗಿನ ಗಾಜಿನ ವಾಲ್ವ್‌ಗಳು ಕೆಂಪಗೆ ಕಾಯಬೇಕು, ಆಮೇಲೆ ದನಿ ನಿಧಾನಕ್ಕೆ ಏರಿ ಬರಬೇಕು. ಟ್ರಾನ್ಸಿಸ್ಟರ್ ಬಂದ ಮೇಲೆ ಆ ರೇಡಿಯೋಗಳು ಅಟ್ಟ ಸೇರಿದವು, ಎಷ್ಟೋ ಗುಜರಿಗೂ ಹೋದವು.

ಆದರೆ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ಮಾತ್ರ ವಾಲ್ವ್ ಬಿಡಲಿಲ್ಲ. 1960ರ ದಶಕದ ವಾಲ್ವ್ ಆಂಪ್ಲಿಫೈಯರ್‌ಗಳನ್ನು ಈಗಲೂ ಹುಡುಕಿ ಕೊಳ್ಳುತ್ತಾರೆ. ಕಂಪನಿಗಳೂ ಅದೇ ಹಳೇ ಮಾದರಿಯನ್ನು ಹೊಸದಾಗಿ ಮಾಡಿ ಮಾರುತ್ತಿವೆ. ಇದು ಬರೀ ಹಳೇ ನೆನಪಿನ ಮೋಹವಾ? ಅಲ್ಲ. ಇದಕ್ಕೆ ಲೆಕ್ಕಕ್ಕೆ ಸಿಗುವ ಕಾರಣಗಳಿವೆ. ಬ್ರಿಟನ್ನಿನ 'ಮಾರ್ಷಲ್ ಜೆಟಿಎಂ 45' ಅನ್ನೋ ಆಂಪ್ಲಿಫೈಯರ್ ಕಥೆ ನೋಡಿದರೆ ಅವು ಸುಲಭವಾಗಿ ಅರ್ಥ ಆಗುತ್ತವೆ.

ಗಿರಾಕಿ ಕೇಳಿದ್ದು, ಅಂಗಡಿಯವರು ಮಾಡಿದ್ದು

ಜಿಮ್ ಮಾರ್ಷಲ್ ಡ್ರಮ್ ನುಡಿಸುತ್ತಿದ್ದರು, ಹುಡುಗರಿಗೆ ಕಲಿಸುತ್ತಲೂ ಇದ್ದರು. 1960ರಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ತೆರೆದರು. ಡ್ರಮ್ ಕೊಳ್ಳಲು ಬಂದವರ ಜೊತೆ ಅವರ ಬ್ಯಾಂಡಿನ ಗಿಟಾರ್ ಹುಡುಗರೂ ಬರತೊಡಗಿದರು. 'ನಮಗೆ ಬೇಕಾದ್ದನ್ನೂ ಇಡಿ' ಅನ್ನುವ ಬೇಡಿಕೆ ಶುರುವಾಯಿತು.

ಆಗ ಗಿಟಾರ್‌ನವರ ಕಣ್ಣಿದ್ದದ್ದು ಅಮೆರಿಕದ ಫೆಂಡರ್ ಕಂಪನಿಯ ಮೇಲೆ. ಅದನ್ನು ಕಟ್ಟಿದ ಲಿಯೋ ಫೆಂಡರ್ ಮೊದಲು ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು. ಅವರ 'ಬ್ಯಾಸ್‌ಮನ್' ಆಂಪ್ಲಿಫೈಯರ್ ಬಹಳ ಹೆಸರು ಮಾಡಿತ್ತು. ಆದರೆ ಅದು ಸಮುದ್ರ ದಾಟಿ ಬ್ರಿಟನ್ನಿಗೆ ಬರುವಷ್ಟರಲ್ಲಿ ತುಂಬಾ ದುಬಾರಿ ಆಗುತ್ತಿತ್ತು.

ಮಾರ್ಷಲ್ ಅಂಗಡಿಯಲ್ಲಿ ರಿಪೇರಿ ನೋಡಿಕೊಳ್ಳುತ್ತಿದ್ದವರು ಕೆನ್ ಬ್ರಾನ್. ಅವರೂ ಡಡ್ಲಿ ಕ್ರೇವನ್ ಅನ್ನೋ ಹುಡುಗನೂ ಸೇರಿ ಬ್ಯಾಸ್‌ಮನ್ ಸರ್ಕ್ಯೂಟನ್ನೇ ಮಾದರಿಯಾಗಿ ಇಟ್ಟುಕೊಂಡು 1962ರಲ್ಲಿ ತಮ್ಮದೇ ಆಂಪ್ಲಿಫೈಯರ್ ಮಾಡಿದರು. ಜಿಮ್ ಮತ್ತು ಅವರ ಮಗ ಟೆರ್ರಿ ಹೆಸರಿನಿಂದ ಅದು 'ಜೆಟಿಎಂ' ಆಯಿತು.

ಅಮೆರಿಕದ ಬಿಡಿಭಾಗಗಳ ಬದಲು ಬ್ರಿಟನ್ನಿನಲ್ಲಿ ಕೈಗೆ ಸಿಕ್ಕ ಸಾಮಾನುಗಳನ್ನು ಬಳಸಿದರು. ಟ್ರಾನ್ಸ್‌ಫಾರ್ಮರ್ ಅಲ್ಲಿನದು, ಮುಂದೆ ವಾಲ್ವ್‌ಗಳೂ ಅಲ್ಲಿನವೇ ಬಂದವು. ಹಿಂಬದಿ ತೆರೆದ ಬಾಕ್ಸಿನಲ್ಲಿ ನಾಲ್ಕು 10 ಇಂಚಿನ ಸ್ಪೀಕರ್ ಇದ್ದ ಕಡೆ, ಪೂರ್ತಿ ಮುಚ್ಚಿದ ಬಾಕ್ಸಿನಲ್ಲಿ ನಾಲ್ಕು 12 ಇಂಚಿನ ಸ್ಪೀಕರ್ ಕೂರಿಸಿದರು. ನಕಲು ಮಾಡಲು ಹೋದದ್ದು, ಬೇರೆಯದೇ ದನಿ ಆಗಿ ಬಂತು. ಜೋರು ಮಾಡಿದರೆ ದಪ್ಪಗೆ, ಸ್ವಲ್ಪ ಒರಟಾಗಿ ಕೇಳುವ ದನಿ. ಹುಡುಗರು ಅದನ್ನೇ ಮೆಚ್ಚಿದರು.

'ದ ಹೂ' ಬ್ಯಾಂಡಿನ ಪೀಟ್ ಟೌನ್ಸೆಂಡ್ ಇದೇ ಅಂಗಡಿಯ ಗಿರಾಕಿ. ಅವರು ಇನ್ನೂ ಜೋರಾಗಿರೋದು ಬೇಕು, ಎಂಟು ಸ್ಪೀಕರ್ ಒಂದೇ ಬಾಕ್ಸಿನಲ್ಲಿ ಇರಲಿ ಅಂದರು. ಮಾಡಿಕೊಟ್ಟರೆ ಅದನ್ನು ಹೊರುವವರ ಸೊಂಟ ಬಿದ್ದುಹೋಗುವಷ್ಟು ಭಾರ. ಕೊನೆಗೆ ನಾಲ್ಕು ನಾಲ್ಕರ ಎರಡು ಬಾಕ್ಸ್ ಮಾಡಿ ಒಂದರ ಮೇಲೊಂದು ಇಟ್ಟರು. ದೊಡ್ಡ ರಾಕ್ ವೇದಿಕೆಗಳ ಫೋಟೋಗಳಲ್ಲಿ ಕಾಣುವ ಆ ಕಪ್ಪು ಗೋಡೆ ಹುಟ್ಟಿದ್ದು ಹೀಗೆ.

ದೋಷವೇ ಗುಣ ಆಯ್ತು

ವಾಲ್ವ್ ಕೆಲಸ ಮಾಡೋದು ಕಾಲುವೆ ತೂಬಿನ ಥರ. ಗಾಳಿ ತೆಗೆದ ಗಾಜಿನ ಕೊಳವೆ ಒಳಗೆ ಕಾದ ಲೋಹದಿಂದ ಎಲೆಕ್ಟ್ರಾನ್‌ಗಳು ಹೊರಟು ಎದುರಿನ ತಗಡಿನ ಕಡೆ ಹರಿಯುತ್ತವೆ. ನಡುವೆ ಒಂದು ತಂತಿಯ ಜಾಲರಿ ಇರುತ್ತದೆ. ಗಿಟಾರ್‌ನಿಂದ ಬರುವ ಅತಿ ಸಣ್ಣ ಸಿಗ್ನಲ್ ಈ ಜಾಲರಿಗೆ ಹೋಗಿ, ದೊಡ್ಡ ಹರಿವನ್ನು ಹೆಚ್ಚು ಕಡಿಮೆ ಮಾಡುತ್ತದೆ. ತೂಬನ್ನು ಬೆರಳಷ್ಟು ಎತ್ತಿದರೆ ಗದ್ದೆಗೆ ಹೋಗುವ ನೀರು ಎಷ್ಟು ಜಾಸ್ತಿ ಆಗುತ್ತದೋ, ಹಾಗೆ.

ಯಾವ ಆಂಪ್ಲಿಫೈಯರ್‌ಗಾದರೂ ಒಂದು ಮಿತಿ ಇರುತ್ತದೆ. ಮಿತಿ ಮೀರಿ ಜೋರು ಮಾಡಿದರೆ ದನಿ ಒಡೆಯುತ್ತದೆ. ಸಾಧಾರಣ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಲ್ಲಿ ಈ ಒಡೆತ ಕತ್ತಿಯಲ್ಲಿ ಕತ್ತರಿಸಿದ ಹಾಗೆ ಒಮ್ಮೆಗೇ ಆಗುತ್ತದೆ, ಕಿವಿಗೆ ಕರ್ಕಶ. ಗಿಟಾರಿನ ವಾಲ್ವ್ ಆಂಪ್ಲಿಫೈಯರ್‌ನಲ್ಲಿ ಅಂಚು ನಿಧಾನಕ್ಕೆ ಉರುಟಾಗುತ್ತಾ ಹೋಗುತ್ತದೆ. ಮೂಲ ಸ್ವರದ ಜೊತೆ ಅದರ ಮೇಲಿನ ಸ್ವರಗಳೂ ಸೇರಿಕೊಂಡು ದನಿ ತುಂಬಿಕೊಂಡ ಹಾಗೆ ಕೇಳುತ್ತದೆ.

ಭಾಷಣಕ್ಕೆ, ಭಜನೆಗೆ ಇದು ದೋಷ. ಗಿಟಾರ್‌ಗೆ ಇದೇ ಬೇಕು. ತಂತಿ ಮೆಲ್ಲಗೆ ಮೀಟಿದರೆ ತಿಳಿಯಾದ ದನಿ, ಗಟ್ಟಿಯಾಗಿ ಮೀಟಿದರೆ ಗುರ್ ಅನ್ನುವ ದನಿ. ಯಾವ ಗುಂಡಿಯನ್ನೂ ಮುಟ್ಟದೆ ಬೆರಳಲ್ಲೇ ಎರಡೂ ಸಿಗುತ್ತವೆ. 1966ರಲ್ಲಿ ಜಾನ್ ಮೇಯಲ್ ಅವರ ಬ್ಲೂಸ್‌ಬ್ರೇಕರ್ಸ್ ಬ್ಯಾಂಡಿನ ರೆಕಾರ್ಡಿಂಗಿನಲ್ಲಿ ಎರಿಕ್ ಕ್ಲಾಪ್ಟನ್ ಸ್ಟುಡಿಯೋದೊಳಗೂ ಮಾರ್ಷಲನ್ನು ವೇದಿಕೆ ಮೇಲಿನಷ್ಟೇ ಜೋರಾಗಿ ಇಟ್ಟು ನುಡಿಸಿದರು. ಅಲ್ಲಿಂದ ಮುಂದೆ ರಾಕ್ ಗಿಟಾರ್ ಅಂದ್ರೆ ಹೀಗೇ ಕೇಳಬೇಕು ಅನ್ನುವಂತಾಯಿತು.

ಬಿಚ್ಚಬಹುದು, ಮತ್ತೆ ಕಟ್ಟಬಹುದು

ಎರಡನೇ ಕಾರಣ ರಿಪೇರಿ. ಹಳೇ ವಾಲ್ವ್ ಆಂಪ್ಲಿಫೈಯರ್ ಒಳಗೆ ಎಲ್ಲವೂ ಕಣ್ಣಿಗೆ ಕಾಣುವ ಗಾತ್ರದ್ದು, ಕೈಯಲ್ಲೇ ಬೆಸುಗೆ ಹಾಕಿದ್ದು. ವಾಲ್ವ್ ಸವೆದರೆ ಕಿತ್ತು ಹೊಸದು ಚುಚ್ಚಬಹುದು. ಕೆಪಾಸಿಟರ್ ಒಣಗಿದರೆ ಅದೊಂದನ್ನೇ ಬದಲಿಸಬಹುದು. ಹಾಗಾಗಿ 60 ವರ್ಷದ ಹಿಂದಿನ ಪೆಟ್ಟಿಗೆಯೂ ಇವತ್ತು ಕೆಲಸ ಮಾಡುತ್ತದೆ. ಈಗಿನ ಎಷ್ಟೋ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಒಂದು ಬೋರ್ಡ್ ಹೋದರೆ 'ಇದು ರಿಪೇರಿ ಆಗಲ್ಲ, ಹೊಸದು ತಗೊಳ್ಳಿ' ಅನ್ನುವ ಮಾತು ನಾವೆಲ್ಲ ಕೇಳಿದ್ದೇವೆ. ವ್ಯತ್ಯಾಸ ಅಲ್ಲೇ ಇದೆ.

ಕೊರತೆ ಇಲ್ಲ ಅಂತಲ್ಲ. ಭಾರ ಜಾಸ್ತಿ, ಬಿಸಿ ಜಾಸ್ತಿ, ಕರೆಂಟೂ ಜಾಸ್ತಿ. ಅದೇ ದನಿಯನ್ನು ಕಂಪ್ಯೂಟರ್ ಚಿಪ್‌ನಲ್ಲಿ ಹುಟ್ಟಿಸುವ ಆಂಪ್ಲಿಫೈಯರ್‌ಗಳು ಈಗ ಬಂದಿವೆ. ಸ್ವತಃ ಫೆಂಡರ್ ಕಂಪನಿಯೇ 2019ರಲ್ಲಿ ತನ್ನ ಹಳೇ 'ಡಿಲಕ್ಸ್ ರಿವರ್ಬ್' ಮಾದರಿಯನ್ನು ವಾಲ್ವ್ ಇಲ್ಲದೆ ಮಾಡಿ ಮಾರುಕಟ್ಟೆಗೆ ಬಿಟ್ಟಿತು. ವಾಲ್ವ್ ಇರುವುದು ಸುಮಾರು 19 ಕೆ.ಜಿ. ತೂಗಿದರೆ ಇದು 10 ಕೆ.ಜಿ. ಆಸುಪಾಸು. ಊರೂರು ತಿರುಗುವ ಕಲಾವಿದರಿಗೆ ಇದು ಅನುಕೂಲವೇ. ಆದರೆ ಅದು ಅನುಕರಿಸುತ್ತಿರುವುದು ಹಳೇ ವಾಲ್ವಿನ ದನಿಯನ್ನೇ ಅನ್ನೋದು ಗಮನಿಸಬೇಕಾದ ಮಾತು.

ಬೆಂಗಳೂರಿನಲ್ಲೂ ತಯಾರಾಗುತ್ತಿತ್ತು

ವಾಲ್ವ್ ನಮಗೆ ಹೊಸದಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಶುರುವಾದ ಬಿಇಎಲ್, 1961ರಿಂದ ರೇಡಿಯೋ ವಾಲ್ವ್ ತಯಾರಿಸುತ್ತಿತ್ತು. ಈಗ ಗಿಟಾರ್ ಆಂಪ್ಲಿಫೈಯರ್‌ಗೆ ಬೇಕಾದ ವಾಲ್ವ್ ಮುಖ್ಯವಾಗಿ ಬರುವುದು ಸ್ಲೊವಾಕಿಯಾ, ರಷ್ಯಾ ಮತ್ತು ಚೀನಾದ ಕೆಲವೇ ಕಾರ್ಖಾನೆಗಳಿಂದ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾದ ವಾಲ್ವ್ ಸಿಗುತ್ತೋ ಇಲ್ಲವೋ ಅಂತ ಜಗತ್ತಿನ ಗಿಟಾರ್‌ನವರೆಲ್ಲ ಗಾಬರಿಯಾಗಿದ್ದರು. ಆದ್ದರಿಂದ ಹಳೇ ರೇಡಿಯೋ ಅಂಗಡಿಯ ಮೂಲೆಯಲ್ಲಿ ಡಬ್ಬದ ಸಮೇತ ಬಿಇಎಲ್ ಮುದ್ರೆಯ ವಾಲ್ವ್ ಇದ್ದರೆ ಗುಜರಿಗೆ ಹಾಕುವ ಮೊದಲು ತಿಳಿದವರನ್ನು ಒಮ್ಮೆ ಕೇಳಿ.

ಕೈ ಹಾಕುವ ಮೊದಲು

ವಾಲ್ವ್ ಆಂಪ್ಲಿಫೈಯರ್ ಅಥವಾ ರೇಡಿಯೋ ಮನೆಯಲ್ಲಿದ್ದರೆ, ಮೈಕ್ ಸೆಟ್ ಅಂಗಡಿಗೆ ರಿಪೇರಿಗೆ ಬಂದರೆ ಇಷ್ಟು ನೆನಪಿರಲಿ:

- ಜೆಟಿಎಂ 45 ಥರದ ಪೆಟ್ಟಿಗೆಗಳ ಒಳಗೆ 400 ವೋಲ್ಟ್‌ಗೂ ಹೆಚ್ಚು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರಬಹುದು, ಪ್ರಾಣಕ್ಕೇ ಅಪಾಯ. ಗೊತ್ತಿಲ್ಲದವರು ಮುಚ್ಚಳ ತೆಗೆಯಬಾರದು.
- ಸ್ಪೀಕರ್ ವೈರ್ ಹಾಕದೆ ಗಿಟಾರಿನ ವಾಲ್ವ್ ಆಂಪ್ಲಿಫೈಯರ್ ಚಾಲೂ ಮಾಡಿ ನುಡಿಸಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.
- ವಿದೇಶದಲ್ಲಿರುವ ಮಕ್ಕಳು ಅಮೆರಿಕದ್ದು ತಂದುಕೊಟ್ಟಿದ್ದರೆ ಎಷ್ಟು ವೋಲ್ಟಿನದು ಅಂತ ಮೊದಲು ನೋಡಿ. ಅಲ್ಲಿಯದು 120, ನಮ್ಮದು 230. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಾಕಿದರೆ ಒಂದೇ ಸಲಕ್ಕೆ ಹಾಳು.
- ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟನ್ನು ನೇರವಾಗಿ ಕರೆಂಟಿಗೆ ಕೊಡಬೇಡಿ. ಹಳೇ ಕೆಪಾಸಿಟರ್‌ಗಳನ್ನು ಮೊದಲು ಪರೀಕ್ಷೆ ಮಾಡಿಸಿ.

ವಾಲ್ವ್ ಕೆಲಸ ಬಲ್ಲ ಹಿರಿಯ ರೇಡಿಯೋ ಮೆಕ್ಯಾನಿಕ್‌ಗಳು ತಾಲೂಕಿಗೆ ಒಬ್ಬಿಬ್ಬರಾದರೂ ಸಿಗಬಹುದು. ಸೆಟ್ ಅವರ ಹತ್ತಿರ ಒಯ್ಯಿರಿ. ಸಾಧ್ಯವಾದರೆ ಕೆಲಸ ಕಲಿಯುವ ಆಸೆ ಇರುವ ಹುಡುಗನೊಬ್ಬನನ್ನೂ ಜೊತೆಗೆ ಕರೆದುಕೊಂಡು ಹೋಗಿ. ವಾಲ್ವ್ ದುಡ್ಡು ಕೊಟ್ಟರೆ ತರಿಸಬಹುದು, ಆ ಕೈಗೆಲಸ ಹಾಗೆ ಬರುವುದಿಲ್ಲ.